ಮೂಳೆ ಸವೆತ ಅಂದ್ರೆ ಯಾವುದು, ಮಂಡೀದಾ ಮೂಳೇದಾ?

ಈ ವಾರ ಮತ್ತೆ ಬಂತು ಆ ಫಾರ್ವರ್ಡು, "ಮೂಳೆ ಸವೆತಕ್ಕೆ ಹೊಸ ಇಂಜೆಕ್ಷನ್, ತಿಂಗಳಿಗೊಂದು ತಗೊಂಡ್ರೆ ಮಂಡಿನೋವು ಮಾಯ" ಅಂತ. ಇಂಜೆಕ್ಷನ್ ಇರೋದು ನಿಜ, ರೊಮೊಸೊಜುಮ್ಯಾಬ್ ಅಂತ ಹೆಸರು, 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ಆದ್ರೆ ಅದು ಆಸ್ಟಿಯೋಪೊರೋಸಿಸ್‌ಗೆ, ಅಂದ್ರೆ ಮೂಳೆ ಒಳಗೊಳಗೇ ಟೊಳ್ಳಾಗೋ ಕಾಯಿಲೆಗೆ, ಮಂಡಿನೋವಿಗಲ್ಲ. ಎರಡಕ್ಕೂ ನಾವು ಸವೆತ ಅಂತೀವಿ, ಗೊಂದಲ ಶುರುವಾಗೋದೇ ಅಲ್ಲಿ.

ಚಪ್ಪಲಿ ಹಿಮ್ಮಡಿ ಸವೆಯುತ್ತೆ, ಒರಳುಕಲ್ಲು ಸವೆಯುತ್ತೆ, ಬಾವಿ ಹಗ್ಗ ಸವೆಯುತ್ತೆ. ಉಜ್ಜಿ ಉಜ್ಜಿ ತೆಳ್ಳಗಾಗೋದು. ಮಂಡಿ ಕೀಲಲ್ಲಿ ಮೂಳೆ ತುದಿಗಿರೋ ನುಣ್ಣನೆ ಹೊದಿಕೆ ಹೋಗೋದಕ್ಕೆ, ಅಂದ್ರೆ ಆಸ್ಟಿಯೋಆರ್ಥ್ರೈಟಿಸ್‌ಗೆ, ಈ ಮಾತು ಹೆಚ್ಚುಕಮ್ಮಿ ಒಪ್ಪುತ್ತೆ. ದಾರಿ ಸವೆಸೋದು, ಆಯಸ್ಸು ಸವೆಸೋದು ಅಂತಾನೂ ಇದೆಯಲ್ಲ, ಅಲ್ಲೆಲ್ಲಿ ಉಜ್ಜೋದು ಅಂತ ಕೇಳ್ತಾರೆ. ಸರಿ, ಖರ್ಚಾಗೋದು ಅನ್ನೋ ಅರ್ಥಾನೂ ಇದೆ. ಆದ್ರೆ ಎರಡರಲ್ಲೂ ಬಳಸಿದಷ್ಟೂ ಕಮ್ಮಿ ಆಗುತ್ತೆ ಅನ್ನೋ ಭಾವ ಕೂತಿದೆ, ನನ್ನ ತಕರಾರು ಅದೇ. ಮೂಳೆ ಸವೀತಿದೆ ಅಂತ ಕೇಳಿದ ಕೂಡ್ಲೇ ಮನೆಯ ಹಿರಿಯರು ಓಡಾಡೋದನ್ನೇ ಬಿಟ್ಟು ಕೂತುಬಿಡ್ತಾರೆ, ಮೂಳೆ ಮೇಲೆ ಭಾರ ಬೀಳದಿದ್ರೇನೇ ಅದು ಇನ್ನೂ ಬೇಗ ತೆಳುವಾಗೋದು. ಬಾಹ್ಯಾಕಾಶದಲ್ಲಿ ತೇಲ್ತಾ ಇರೋರಿಗೆ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಸುಮಾರು 1% ಇಳಿಯುತ್ತೆ, ಕಾಲೇ ಊರದೆ!

ಆಸ್ಟಿಯೋಪೊರೋಸಿಸ್ ಅನ್ನೋ ಹೆಸರನ್ನೇ ನೋಡಿ, ಗ್ರೀಕಲ್ಲಿ ಆಸ್ಟಿಯಾನ್ ಅಂದ್ರೆ ಮೂಳೆ, ಪೋರೋಸ್ ಅಂದ್ರೆ ಹಾದುಹೋಗೋ ದಾರಿ, ರಂಧ್ರ. ಒಣಗಿದ ಹೀರೆಕಾಯಿ ಒಳಗಿನ ನಾರಿನ ಬಲೆ ನೋಡಿದೀರಲ್ಲ, ಮೂಳೆ ಒಳಗೂ ಅಂಥದೇ ಬಲೆ, ಅದರ ಎಳೆ ತೆಳುವಾಗಿ ತೂತು ದೊಡ್ಡದಾಗೋದೇ ಈ ಕಾಯಿಲೆ. ಟೊಳ್ಳುಮೂಳೆ ಅನ್ನಿ, ಸಾಕು.

ಮೂಳೇಲಿ ಹಳೇದನ್ನ ಕೆಡವೋ ಕೋಶಗಳೂ ಇವೆ, ಹೊಸದು ಕಟ್ಟೋ ಕೋಶಗಳೂ ಇವೆ, ಕೆಡವೋದು ಹೆಚ್ಚಾದ್ರೆ ಟೊಳ್ಳು. ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕೋ ಜೊಲೆಡ್ರೊನಿಕ್ ಆಸಿಡ್, 6 ತಿಂಗಳಿಗೊಂದು ಡೆನೊಸುಮ್ಯಾಬ್, ಇವೆಲ್ಲ ಕೆಡವೋದನ್ನ ತಡೀತವೆ. ದಿನಾ ಚುಚ್ಚಿಕೊಳ್ಳೋ ಟೆರಿಪ್ಯಾರಟೈಡ್ ಕಟ್ಟಿಸುತ್ತೆ. ರೊಮೊಸೊಜುಮ್ಯಾಬ್ ಎರಡೂ ಮಾಡುತ್ತೆ, ಇದರ ಸುಳಿವು ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಕೆಲವು ಕುಟುಂಬಗಳಿಂದ, ಅವರಲ್ಲಿ ಸ್ಕ್ಲೆರೋಸ್ಟಿನ್ ಅನ್ನೋ ಪ್ರೋಟೀನ್ ಇಲ್ಲದೆ ಮೂಳೆ ವಿಪರೀತ ಬೆಳೀತಿತ್ತು, ಈ ಔಷಧಿ ತಡೆಯೋದು ಅದೇ ಪ್ರೋಟೀನನ್ನ.

ಇನ್ನೊಂದು ಮಾತು ಕೇಳಿ ಕೇಳಿ ಸಾಕಾಗಿದೆ, "ಮೂಳೆ ಕೂಡ್ತಲ್ಲ, ಇನ್ನೇನು". ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರೀತು, ಪ್ಲಾಸ್ಟರ್ ಹಾಕಿದ್ರು, ಕೆಲವು ವಾರಕ್ಕೆ ಕೂಡ್ತು. ಟೊಳ್ಳುಮೂಳೇನೂ ಸಾಮಾನ್ಯವಾಗಿ ಕೂಡುತ್ತೆ ರೀ, ಆದ್ರೆ ಕೂಡಿದ್ದು ಮುರಿದ ಜಾಗ, ಟೊಳ್ಳು ಹಾಗೇ ಇದೆ, ಮುಂದಿನ ಸಲ ಸೊಂಟ ಆಗಬಹುದು. ವಯಸ್ಸಾದವರು ನಿಂತಲ್ಲಿಂದ ಬಿದ್ದಷ್ಟಕ್ಕೇ ಮೂಳೆ ಮುರಿದ್ರೆ ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಲೇಬೇಕು, ಅದರಲ್ಲಿ ಬರೋ ಟಿ-ಸ್ಕೋರ್, ಅಂದ್ರೆ ಆರೋಗ್ಯವಂತ ಯುವಕರ ಮೂಳೆಗೆ ಹೋಲಿಸಿ ಕೊಡೋ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್.

ಮಂಡಿ ಸವೆತ ನೋಯುತ್ತೆ, ಟೊಳ್ಳುಮೂಳೆ ಮುರಿಯೋವರೆಗೂ ನೋಯಲ್ಲ. ನೋವಿಲ್ವಲ್ಲ ಅಂತ ಡೆನೊಸುಮ್ಯಾಬ್ ಅರ್ಧಕ್ಕೆ ಬಿಡೋರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬದಲಿಗೆ ಬೇರೆ ಔಷಧಿ ಶುರು ಮಾಡದೆ ನಿಲ್ಲಿಸಿದ್ರೆ ಗಳಿಸಿದ ಸಾಂದ್ರತೆ ಬೇಗ ಕರಗಿ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು.