ಬೂತ್‌ಗೆ ಹೋಗುವ ಮೊದಲೇ ಓಟು ಹೋದರೆ? ಆಳಂದದ ಫಾರ್ಮ್ 7 ಗದ್ದಲದ ಹಿಂದಿನ ಕತೆ

2025ರ ಸೆಪ್ಟೆಂಬರ್ 18ರಂದು ದೆಹಲಿಯಲ್ಲಿ ರಾಹುಲ್ ಗಾಂಧಿ ನಡೆಸಿದ ಪತ್ರಿಕಾಗೋಷ್ಠಿಯಲ್ಲಿ, ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ನೋಡಿದರು ಅನ್ನೋ ಆರೋಪದ ಜೊತೆ ಕಲಬುರಗಿ ಜಿಲ್ಲೆಯ ಆಳಂದದ ಹೆಸರು ಬಂತು, ಅಲ್ವಾ? ಅವತ್ತಿನಿಂದ ಯಾರನ್ನು ಕೇಳಿದರೂ ಒಂದೊಂದು ಕತೆ. ಆರು ಸಾವಿರ ಓಟು ಹೊಡೆದು ಹಾಕಿದರು ಅಂತ ಕೆಲವರು. ಏನೂ ಆಗಿಲ್ಲ, ಸುಮ್ನೆ ಗದ್ದಲ ಅಂತ ಇನ್ನು ಕೆಲವರು. ಎರಡೂ ಪೂರ್ತಿ ಸರಿ ಅಲ್ಲ.

ಹಳೇದನ್ನು ಬೇಗ ಹೇಳಿ ಮುಗಿಸುತ್ತೇನೆ.

ಹಿಂದೆ ಇದ್ದ ಭಯವೆಲ್ಲ ಬೂತ್‌ನದು. ನಮ್ಮ ಓಟನ್ನು ಬೇರೆಯವರು ಹಾಕಿಬಿಟ್ಟರೆ ಏನು ಗತಿ ಅಂತ. ಅದಕ್ಕೇ ನಿಯಮಗಳೂ ಬೂತ್ ಸುತ್ತಲೇ ಇವೆ. ಬಂದವರು ಅಸಲಿ ಮತದಾರರಲ್ಲ ಅನಿಸಿದರೆ ಬೂತ್‌ನಲ್ಲಿ ಕೂತ ಅಭ್ಯರ್ಥಿಯ ಏಜೆಂಟ್ ಎರಡು ರೂಪಾಯಿ ಕಟ್ಟಿ ತಕರಾರು ತೆಗೆಯಬಹುದು. ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಲ್ಲಿ ಯಾರೋ ಓಟು ಹಾಕಿದ್ದರೆ, ನೀವು ನೀವೇ ಅಂತ ತೋರಿಸಿ 'ಟೆಂಡರ್ಡ್ ಓಟು' ಕೇಳಬಹುದು. ಅದನ್ನು ಮಷೀನ್‌ನಲ್ಲಿ ಅಲ್ಲ, ಕಾಗದದ ಮತಪತ್ರದಲ್ಲಿ ಕೊಡುತ್ತಾರೆ. ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ, ಆದರೆ ಕೇಸು ಕೋರ್ಟಿಗೆ ಹೋದರೆ ದಾಖಲೆಯಾಗಿ ಉಳಿಯುತ್ತದೆ. ಸಮಯ ಮುಗಿಯುವಾಗ ಸಾಲಿನಲ್ಲಿ ನಿಂತಿದ್ದರೆ ಚೀಟಿ ಕೊಟ್ಟು ಓಟು ಹಾಕಿಸಲೇಬೇಕು. ಗುರುತಿನ ಚೀಟಿ ಇಲ್ಲ ಅಂತ ವಾಪಸ್ ಬರಬೇಡಿ, ಆಧಾರ್ ಅಥವಾ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಕೂಡ ನಡೆಯುತ್ತದೆ.

ಆದರೆ ಇದೆಲ್ಲ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಹೆಸರೇ ಇಲ್ಲದಿದ್ದರೆ ಟೆಂಡರ್ಡ್ ಓಟೂ ಇಲ್ಲ, ಚೀಟಿಯೂ ಇಲ್ಲ.

ಆಳಂದದ ವಿಷಯ ಪಟ್ಟಿಯದೇ. ಹೊಸದಾಗಿ ಹೆಸರು ಸೇರಿಸೋದಕ್ಕೆ ಫಾರ್ಮ್ 6, ತೆಗೆಸೋದಕ್ಕೆ ಫಾರ್ಮ್ 7, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ಫಾರ್ಮ್ 8. ಈ ಫಾರ್ಮ್ 7ರ ವಿಶೇಷ ಏನಂದರೆ, ಅದೇ ಕ್ಷೇತ್ರದ ಮತದಾರರೊಬ್ಬರು ಇನ್ನೊಬ್ಬರ ಹೆಸರು ತೆಗೆಯಿರಿ ಅಂತ ಅರ್ಜಿ ಹಾಕಬಹುದು. 2022ರ ಕೊನೆಗೆ, 2023ರ ಮೇ ವಿಧಾನಸಭಾ ಚುನಾವಣೆಗೆ ಇನ್ನು ಕೆಲವೇ ತಿಂಗಳಿದ್ದಾಗ, ಆಳಂದ ಕ್ಷೇತ್ರವೊಂದಕ್ಕೇ ಆನ್‌ಲೈನ್‌ನಲ್ಲಿ ಇಂಥ 6,018 ಅರ್ಜಿ ಬಂದವು. ಒಬ್ಬ ಬಿಎಲ್ಒಗೆ (ಬೂತ್ ಮಟ್ಟದ ಅಧಿಕಾರಿ) ತಮ್ಮ ಸಂಬಂಧಿಕರ ಹೆಸರೇ ಅದರಲ್ಲಿ ಸಿಕ್ಕಿತು, ಅರ್ಜಿ ಹಾಕಿದವರು ಅಂತ ತೋರಿಸಿದ್ದು ಅದೇ ಊರಿನವರನ್ನು, ಕೇಳಿದರೆ ಅವರಿಗೆ ಅರ್ಜಿಯ ವಿಷಯವೇ ಗೊತ್ತಿಲ್ಲ. ಆಗ ಎಲ್ಲವನ್ನೂ ಮನೆ ಮನೆಗೆ ಹೋಗಿ ಪರಿಶೀಲಿಸಿದರು. 24 ಅರ್ಜಿ ಮಾತ್ರ ಸರಿ ಇದ್ದವು. ಉಳಿದ 5,994 ತಿರಸ್ಕಾರವಾದವು, 2023ರ ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ (ವಿಶೇಷ ತನಿಖಾ ತಂಡ) ಮಾಡಿತು. ಯಾರು ಮಾಡಿಸಿದರು ಅನ್ನೋದನ್ನು ತನಿಖೆಗೆ, ಕೋರ್ಟಿಗೆ ಬಿಡೋಣ.

ಅಂದರೆ ಆ ಐದು ಸಾವಿರ ಚಿಲ್ಲರೆ ಓಟು ಹೋಗಲಿಲ್ಲ. ನಿಜ. ಆದರೆ ಉಳಿದಿದ್ದು ವ್ಯವಸ್ಥೆ ಗಟ್ಟಿ ಇತ್ತು ಅಂತಲೋ, ಪರಿಚಿತ ಹೆಸರೊಂದು ಕಣ್ಣಿಗೆ ಬಿತ್ತು ಅಂತಲೋ? ನನಗೆ ಎರಡನೆಯದೇ ಜಾಸ್ತಿ ಅನಿಸುತ್ತದೆ.

ನಮ್ಮ ಕಡೆ ಇದು ಯಾಕೆ ಇನ್ನೂ ಸೂಕ್ಷ್ಮ ಅಂದರೆ, ಇಲ್ಲಿ ಗುಳೆ ಇದೆ. ಸುಗ್ಗಿ ಮುಗಿಯುತ್ತಿದ್ದಂತೆ ಯಾದಗಿರಿ, ಕಲಬುರಗಿಯ ಹಳ್ಳಿ, ತಾಂಡಾಗಳಿಂದ ಎಷ್ಟೋ ಕುಟುಂಬ ಬೆಂಗಳೂರು, ಪುಣೆ, ಮುಂಬೈ ಕಡೆ ಹೊರಡುತ್ತವೆ. ಬಾಗಿಲಿಗೆ ಬೀಗ. ಪರಿಶೀಲನೆಗೆ ಬಂದವರು ಪಕ್ಕದ ಮನೆಯವರನ್ನು ಕೇಳಿ 'ಊರು ಬಿಟ್ಟಿದ್ದಾರೆ' ಅಂತ ಬರೆದುಕೊಂಡರೆ ಮುಗೀತು. ಆದರೆ ಕಾನೂನು ಹಾಗೆ ಹೇಳುವುದಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಂ ಪ್ರಕಾರ, ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ಆ ಊರಿನ ವಾಸಿ ಅನ್ನೋದು ತಪ್ಪುವುದಿಲ್ಲ. ಊರು ಬಿಟ್ಟಿದ್ದಾರೆ ಅಂತ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕು ಅಂತ 22ನೇ ಕಲಂ ಹೇಳುತ್ತದೆ. ನೋಟಿಸನ್ನು ಬೀಗ ಹಾಕಿದ ಬಾಗಿಲಿಗೆ ಅಂಟಿಸಿದರೆ ಪುಣೆಯಲ್ಲಿ ಕಟ್ಟಡ ಕೆಲಸ ಮಾಡುವವರಿಗೆ ಹೇಗೆ ಗೊತ್ತಾಗಬೇಕು?

ಹೆಸರು ಹೋಗಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಇದು ತಪ್ಪಿದರೆ ಫಾರ್ಮ್ 6 ಹಾಕಿ ಮತ್ತೆ ಸೇರಬಹುದು. ಆದರೆ ನಾಮಪತ್ರದ ಕೊನೇ ದಿನ ಮುಗಿದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾರನ್ನೂ ಸೇರಿಸುವುದಿಲ್ಲ. ಗುಳೆ ಹೋದವರು ಓಟು ಹಾಕೋಕೆ ಅಂತ ಊರಿಗೆ ಬರುವುದೇ ಮತದಾನದ ಹಿಂದಿನ ದಿನ. ಅದಕ್ಕೆ ಮೊದಲೇ, ಇದ್ದ ಊರಿಂದಲೇ, ಮೊಬೈಲ್‌ನಲ್ಲಿ ಚುನಾವಣಾ ಆಯೋಗದ ಇಸಿಐನೆಟ್ (ECINET) ಆ್ಯಪ್ ತೆಗೆದು ಮನೆಯವರ ಹೆಸರನ್ನೆಲ್ಲ ಹುಡುಕಿ ನೋಡಬೇಕು. ಇಲ್ಲವೇ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳಬೇಕು.