ರಿಕ್ರೂಟರ್ ಕೆಲಸ ಅಂದ್ರ ಬರೀ ಫೋನ್ ಹಚ್ಚೋದಾ?

ಪ್ರಶ್ನೆ: ಬಿ.ಕಾಂ ಮುಗಿಸಿ ಮನೆಯಲ್ಲಿದ್ದೇನೆ. ಬೆಳಗಾವಿಯ ಒಂದು ಸ್ಟಾಫಿಂಗ್ ಏಜೆನ್ಸಿಯವರು ರಿಕ್ರೂಟರ್ ಕೆಲಸಕ್ಕೆ ಕರೆದಿದ್ದಾರೆ. ‘ದಿನಪೂರ್ತಿ ಫೋನ್ ಹಚ್ಚೋದು, ಟಾರ್ಗೆಟ್ ಮುಟ್ಟದಿದ್ರ ಬೈಸಿಕೊಳ್ಳೋದು, ಅಷ್ಟ’ ಅನ್ನುತ್ತಾಳೆ ಗೆಳತಿ. ಸೇರಬಹುದಾ?

ಸೇರಿ. ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ. ಫೋನೂ ನಿಜ, ಟಾರ್ಗೆಟ್ಟೂ ನಿಜ. ಆದರೆ ಆ ಫೋನಿನಲ್ಲಿ ನೀವು ಆಡುವ ಮಾತನ್ನು ನಂಬಿ ಒಬ್ಬ ಮನುಷ್ಯ ಇದ್ದ ಕೆಲಸ ಬಿಟ್ಟು ಬರುತ್ತಾನೆ. ನಾನೂ ಇದೇ ಊರಿನಲ್ಲಿ ಹೀಗೆಯೇ ಶುರು ಮಾಡಿದವಳು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಏಜೆನ್ಸಿಗೆ ದುಡ್ಡು ಹೇಗೆ ಬರುತ್ತದೆ ಅನ್ನುವುದು ತಿಳಿಯಬೇಕು. ಕಂಪನಿಗೆ ಕಾಯಂ ನೌಕರನನ್ನು ಹುಡುಕಿಕೊಟ್ಟರೆ ಅವನ ವಾರ್ಷಿಕ ಪಗಾರದ ಇಷ್ಟು ಪಾಲು ಎಂದು ಶುಲ್ಕ. ಬಹಳ ಕಡೆ ನಡೆಯುವ ಲೆಕ್ಕ 8.33 ಪ್ರತಿಶತ, ಅಂದರೆ ಸರಿಯಾಗಿ ಒಂದು ತಿಂಗಳ ಪಗಾರ. ವರ್ಷಕ್ಕೆ 3 ಲಕ್ಷದ ಹುದ್ದೆ ತುಂಬಿಸಿದರೆ ಏಜೆನ್ಸಿಗೆ ಸುಮಾರು 25 ಸಾವಿರ, ಮೇಲೆ ಜಿಎಸ್‌ಟಿ. ಆದರೆ ಸೇರಿದವನು ಒಪ್ಪಂದದ ಅವಧಿಯೊಳಗೆ, ಸಾಮಾನ್ಯವಾಗಿ 90 ದಿನದೊಳಗೆ, ಬಿಟ್ಟು ಹೋದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ಪುಕ್ಕಟೆ ಕೊಡಬೇಕು. ಇನ್ನೊಂದು ಬಗೆಯಲ್ಲಿ ಕೆಲಸಗಾರ ಏಜೆನ್ಸಿಯ ಪೇರೋಲ್ ಮೇಲೆಯೇ ಇದ್ದು ಕಂಪನಿಯಲ್ಲಿ ದುಡಿಯುತ್ತಾನೆ. ಅಲ್ಲಿ ತಲೆಗೆ ಇಷ್ಟು ಎಂದು ಪ್ರತಿ ತಿಂಗಳು ಸರ್ವಿಸ್ ಚಾರ್ಜ್. ಮ್ಯಾನೇಜರ್ ಸಂಜೆಯಾದರೆ ‘ಇವತ್ತು ಎಷ್ಟು ಲೈನಪ್?’ ಅಂತ, ಅಂದರೆ ಇಂಟರ್‌ವ್ಯೂಗೆ ಎಷ್ಟು ಜನರನ್ನು ಗೊತ್ತು ಮಾಡಿದಿರಿ ಅಂತ, ಕೇಳುವುದು ಈ ಲೆಕ್ಕದಿಂದಲೇ.

ಬೆಳಗ್ಗೆ ಕಂಪನಿಯಿಂದ ಬೇಡಿಕೆ ಬರುತ್ತದೆ. ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಜನ ಬೇಕು. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಡೆ ಬೇಕು. ನೌಕ್ರಿ, ಅಪ್ನಾದಂಥ ಉದ್ಯೋಗದ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಹುಡುಕುವುದು, ಫೋನ್ ಹಚ್ಚುವುದು. ಅರ್ಧಕ್ಕರ್ಧ ಜನ ಎತ್ತುವುದೇ ಇಲ್ಲ. ಬಿ.ಕಾಂ ಓದಿದವರಿಗೆ ಮೊದಲ ಕಷ್ಟ ಕೆಲಸದ ಭಾಷೆಯದ್ದು. ‘ಸಿಎನ್‌ಸಿ ಆಪರೇಟರ್, ಎರಡು ವರ್ಷ ಅನುಭವ’ ಅಂತ ಬಯೋಡೇಟಾದಲ್ಲಿ ಇರುತ್ತದೆ. ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್. ನಾನು ಮೊದಮೊದಲು ಅಷ್ಟನ್ನೇ ಓದಿ ಇಂಟರ್‌ವ್ಯೂಗೆ ಕಳಿಸುತ್ತಿದ್ದೆ. ಹೋದವರೆಲ್ಲ ವಾಪಸ್. ಕೊನೆಗೆ ಒಬ್ಬ ಶಾಪ್ ಸೂಪರ್‌ವೈಸರ್ ಕೂರಿಸಿಕೊಂಡು ಹೇಳಿಕೊಟ್ಟರು: ‘ಆಫ್‌ಸೆಟ್ ನೀವ ಕೊಡ್ತಿದ್ರೋ, ಸೆಟ್ಟರ್ ಕೊಡ್ತಿದ್ರೋ ಅಂತ ಕೇಳ್ರಿ. ಫಾನುಕ್ ಮ್ಯಾಲೆ ಮಾಡ್ಯಾರೋ ಸೀಮೆನ್ಸ್ ಮ್ಯಾಲೋ ಕೇಳ್ರಿ.’ ಆಫ್‌ಸೆಟ್ ಅಂದರೆ ಮಷಿನ್ನಿಗೆ ಕೊಡುವ ಅಳತೆಯ ಹೊಂದಾಣಿಕೆ, ಸೆಟ್ಟರ್ ಅಂದರೆ ಮಷಿನ್ ಹೊಂದಿಸಿಕೊಡುವವನು; ಫಾನುಕ್, ಸೀಮೆನ್ಸ್ ಮಷಿನ್ನಿನ ಕಂಟ್ರೋಲರ್ ಮಾಡುವ ಕಂಪನಿಗಳು. ಈ ಎರಡು ಪ್ರಶ್ನೆಯಲ್ಲೇ ತಿಳಿಯುತ್ತದೆ, ಎದುರಿನವನು ಮಷಿನ್ ನಡೆಸಿದವನೋ ಬರೀ ಜಾಬ್, ಅಂದರೆ ಕೊರೆಯಬೇಕಾದ ತುಂಡು, ಏರಿಸಿ ಇಳಿಸಿದವನೋ ಅಂತ.

ಅವರು ನಿಮಗೆ ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ‘ಮೇಡಂ, ಕೈಗೆ ಎಷ್ಟ್ ಬರ್ತೈತ್ರಿ?’ ಇಲ್ಲಿ ನಿಮ್ಮ ಬಿ.ಕಾಂ ಕೆಲಸಕ್ಕೆ ಬರುತ್ತದೆ. ಒಟ್ಟು ಪಗಾರ 16,000, ಅದರಲ್ಲಿ ಮೂಲ ವೇತನ 12,000 ಅಂದುಕೊಳ್ಳಿ. ಪಿಎಫ್ 12 ಪ್ರತಿಶತದಂತೆ 1,440, ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಒಟ್ಟು ಪಗಾರದ 0.75 ಪ್ರತಿಶತದಂತೆ 120 ಕಡಿತ. ಕೈಗೆ 14,440. ಕಂಪನಿ ತನ್ನ ಪಾಲಿನ ಪಿಎಫ್, ಇಎಸ್‌ಐ ಎಲ್ಲ ಸೇರಿಸಿ ಸಿಟಿಸಿ ಅಂತ ಬರೆಯುವುದು ಸುಮಾರು 18,000. ಫೋನಿನಲ್ಲಿ ‘ಹದಿನೆಂಟು ಸಾವಿರ’ ಅಂದುಬಿಟ್ಟರೆ ಅವನು ಮನೆಯಲ್ಲಿ ಅದನ್ನೇ ಹೇಳುತ್ತಾನೆ. ಮೊದಲ ಪಗಾರದ ದಿನ ಮೂರೂವರೆ ಸಾವಿರ ಕಡಿಮೆ ಬಂದಾಗ ಫೋನ್ ಬರುವುದು ನಿಮಗೇ. ಪಿಎಫ್ ಎಲ್ಲಿ ಹೋಗುತ್ತದೆ, ಯುಎಎನ್ ಅನ್ನುವ ಪಿಎಫ್ ನಂಬರ್ ಅಂದರೆ ಏನು, ಇಎಸ್‌ಐ ಕಾರ್ಡಿನಿಂದ ಮನೆಯವರಿಗೂ ಔಷಧೋಪಚಾರ ಸಿಗುತ್ತದೆ ಅನ್ನುವುದನ್ನೂ ಅದೇ ಕರೆಯಲ್ಲಿ ಹೇಳಿ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ನನ್ನಿಂದ ಒಂದು ತಪ್ಪಾಗಿದೆ. ತಿಂಗಳ ಕೊನೆ, ಒಂದು ಜಾಯಿನಿಂಗ್ ಕಡಿಮೆ ಇತ್ತು. ಹುಕ್ಕೇರಿ ಕಡೆಯ ಹುಡುಗ ‘ಶಿಫ್ಟ್ ರಾತ್ರಿ ಬಿಟ್ಟ ಮ್ಯಾಲೆ ಬಸ್ ಐತೇನ್ರಿ?’ ಅಂದ. ವಿಚಾರಿಸದೆ ‘ಐತಿ’ ಅಂದೆ. ಇರಲಿಲ್ಲ. ಎರಡು ರಾತ್ರಿ ಗೇಟಿನ ಹೊರಗೆ ಬೆಳಗಿನವರೆಗೆ ಕೂತು ಮೂರನೆಯ ದಿನ ಬಿಟ್ಟ. ಹಳೆಯ ಕೆಲಸ ಆಗಲೇ ಕೈತಪ್ಪಿತ್ತು. ಅವನು ಬೈಯಲಿಲ್ಲ, ‘ಅಕ್ಕಾರ, ಒಂದು ಮಾತು ಕೇಳಿ ಹೇಳಬೇಕಿತ್ತ್ರಿ’ ಅಂದ. ಅವತ್ತಿನಿಂದ ಬಸ್ಸು, ಶಿಫ್ಟು, ಕ್ಯಾಂಟೀನು, ವಾರದ ರಜೆ ಇವಿಷ್ಟನ್ನು ಕಂಪನಿಯಿಂದ ಬರೆಸಿಕೊಳ್ಳದೆ ನಾನು ಒಂದು ಫೋನೂ ಹಚ್ಚಿಲ್ಲ. ಹಾಗೆ ನಿಜ ಕೇಳಿ ಬಂದವರು 90 ದಿನ ದಾಟುತ್ತಾರೆ. ಟಾರ್ಗೆಟ್ಟೂ ಹಾಗೆಯೇ ಮುಟ್ಟುತ್ತದೆ.

ನಿಮ್ಮದು ಅಮೆರಿಕದ ಕಂಪನಿಗಳಿಗೆ ಜನ ಹುಡುಕುವ ಏಜೆನ್ಸಿಯಾದರೆ ಕೆಲಸ ರಾತ್ರಿಯದು, ಇಂಗ್ಲಿಷ್ ಸಲೀಸಾಗಿ ಬರಬೇಕು. ಬೈಲಹೊಂಗಲದಂಥ ದೂರದ ಊರಿನಿಂದ ದಿನಾ ಓಡಾಡುತ್ತೇನೆ ಅನ್ನುವುದು ಆಗದ ಮಾತು. ಊರಿನ ಕಾರ್ಖಾನೆಗಳ ಕೆಲಸವಾದರೆ ಕನ್ನಡದ ಜೊತೆ ಮರಾಠಿ, ಹಿಂದಿ ಬಂದರೆ ದೊಡ್ಡ ಬಲ. ಖಾನಾಪುರ ಕಡೆಯ ಹುಡುಗನೊಡನೆ ಮರಾಠಿಯಲ್ಲಿ ಎರಡು ಮಾತಾಡಿ ನೋಡಿ, ದನಿಯೇ ಬದಲಾಗುತ್ತದೆ.

ಇಂಟರ್‌ವ್ಯೂಗೆ ಹೋದಾಗ ನೀವೂ ಕೇಳಬೇಕಾದ್ದಿದೆ. ಇನ್ಸೆಂಟಿವ್ ಕೊಡುವುದು ಜಾಯಿನಿಂಗ್ ಆದ ತಿಂಗಳೋ 90 ದಿನ ದಾಟಿದ ಮೇಲೋ? ನಿಮಗೆ ಪಿಎಫ್ ಇದೆಯೋ? ಕೆಲಸ ಹುಡುಕಿಕೊಂಡು ಬಂದವರ ಹತ್ತಿರ ರೊಕ್ಕ ಇಸಿದುಕೊಳ್ಳುತ್ತಾರೋ? ಕೊನೆಯದಕ್ಕೆ ‘ರಿಜಿಸ್ಟ್ರೇಶನ್ ಫೀ ಅಷ್ಟೇ’ ಅಂದರೆ, ಅಥವಾ ನಿಮ್ಮ ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ, ಅಲ್ಲಿಂದ ಎದ್ದು ಬನ್ನಿ.