ಅವೇ ಕುರಿ, ಅಷ್ಟೇ ರಾತ್ರಿ: ಹೊಲದ ಕಸುವು ಮಾತ್ರ ಬೇರೆ ಯಾಕೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಗೊಬ್ಬರಕ್ಕೆಂದು ಒಂದು ಎಕರೆಗೆ 200 ಕುರಿ ತರುಬಿಸಿದ್ದೆವು (ರಾತ್ರಿ ಹೊಲದಲ್ಲೇ ಕೂಡಿ ನಿಲ್ಲಿಸಿದ್ದೆವು), ಮೆಕ್ಕೆಜೋಳ ಕಡು ಹಸಿರಾಗಿ ಕಪ್ಪಗೆ ಬಂತು. ಈ ವರ್ಷ ಯುಗಾದಿ ಆದಮೇಲೆ ಅದೇ ಮಂದೆಯನ್ನು ಅಷ್ಟೇ ರಾತ್ರಿ ನಿಲ್ಲಿಸಿದೆವು. ಕುರಿ ನಿಂತಿದ್ದ ಗುರುತೇ ಇಲ್ಲ. ಏನು ಕಾರಣ? ಮಂದೆ ನಿಲ್ಲಿಸಿದ ಹೊಲಕ್ಕೆ ಯೂರಿಯಾ ಎಷ್ಟು ಕಡಿಮೆ ಮಾಡಬಹುದು?

ಉತ್ತರ: ಮಂದೆ ಅದೇ ಇರಬಹುದು, ಅದು ಹಗಲು ಮೇಯ್ದ ಮೇವು ಬೇರೆ. ಮೇವು ಬದಲಾದರೆ ಹಿಕ್ಕೆಯ ಸಾರಜನಕ ಅಷ್ಟಾಗಿ ಏರಿಳಿಯುವುದಿಲ್ಲ. ಏರಿಳಿಯುವುದು ಮೂತ್ರದ್ದು. ಮೊದಲ ಬೆಳೆಗೆ ಬೇಗ ಸಿಗುವುದೂ ಮೂತ್ರದ ಸಾರಜನಕವೇ.

ಲೆಕ್ಕ ಹೀಗೆ. ಪ್ರೋಟೀನಿನಲ್ಲಿ ನೂರಕ್ಕೆ 16 ಭಾಗ ಸಾರಜನಕ. ಹಾಗಾಗಿ ಮೇವಿನ ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ. ಕುರಿ 100 ಗ್ರಾಂ ಒಣ ತೂಕದ ಮೇವು ತಿಂದರೆ ಹಿಕ್ಕೆಯಲ್ಲಿ ಹೋಗುವ ಸಾರಜನಕ ಸುಮಾರು 0.7ರಿಂದ 0.8 ಗ್ರಾಂ. ಮೇವು ಬಡವಾಗಲಿ, ಸಮೃದ್ಧವಾಗಲಿ, ಇದು ಹೆಚ್ಚುಕಡಿಮೆ ಇಷ್ಟೇ. ಮೈ ಬೆಳೆಯಲು, ಹಾಲಿಗೆ, ಉಣ್ಣೆಗೆ ಉಳಿಯುವುದು ದಿನಕ್ಕೆ ಎರಡು ಗ್ರಾಂ ಆಸುಪಾಸು. ಮಿಕ್ಕಿದ್ದೆಲ್ಲ ಹೊಟ್ಟೆಯಲ್ಲಿ ಅಮೋನಿಯಾ ಆಗಿ, ಲಿವರ್‌ನಲ್ಲಿ ಯೂರಿಯಾ ಆಗಿ, ಮೂತ್ರದಲ್ಲಿ ಹೊರಬೀಳುತ್ತದೆ. ಚೀಲದಲ್ಲಿ ಕೊಳ್ಳುವ ಯೂರಿಯಾವೂ ಇದೇ ವಸ್ತು.

30 ಕಿಲೋ ತೂಗುವ ಬಳ್ಳಾರಿ ತಳಿಯ ಕುರಿಯನ್ನೇ ತೆಗೆದುಕೊಳ್ಳಿ. ಶೇಂಗಾ ಕಿತ್ತ ಹೊಲದಲ್ಲಿ ಉದುರಿದ ಎಲೆ, ಬಳ್ಳಿ, ಬದುವಿನ ಹಸಿರು ಮೇಯುವಾಗ ಮೇವಿನ ಪ್ರೋಟೀನ್ ಒಟ್ಟಾರೆ 14% ಇದ್ದು, ದಿನಕ್ಕೆ ಒಂದು ಕಿಲೋ ಒಣ ತೂಕ ತಿಂದರೆ, ಒಳಗೆ ಹೋಗುವ ಸಾರಜನಕ 22 ಗ್ರಾಂ. ಅದರಲ್ಲಿ ಹಿಕ್ಕೆಗೆ 8, ಮೂತ್ರಕ್ಕೆ ಸುಮಾರು 12. ಮಳೆಗಾಲದ ಹಸಿ ಹುಲ್ಲು 10% ಎಂದುಕೊಂಡರೆ 900 ಗ್ರಾಂ ಮೇವಿನಲ್ಲಿ 14 ಗ್ರಾಂ. ಹಿಕ್ಕೆಗೆ 7, ಮೂತ್ರಕ್ಕೆ 5.

ಯುಗಾದಿ ಹೊತ್ತಿಗೆ ಕಥೆಯೇ ಬೇರೆ. ಒಣ ಹುಲ್ಲು, ಜೋಳದ ಕೂಳೆ, ಮೆಕ್ಕೆಜೋಳದ ದಂಟಿನಲ್ಲಿ ಪ್ರೋಟೀನ್ 3ರಿಂದ 5%. ಮೇವಿನ ಪ್ರೋಟೀನ್ 7%ಗಿಂತ ಕೆಳಗಿಳಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಸಾರಜನಕ ಸಾಲದು. ನಾರು ಕರಗುವುದು ನಿಧಾನವಾಗುತ್ತದೆ, ಕುರಿ ತಿನ್ನುವುದೂ 700 ಗ್ರಾಂಗೆ ಇಳಿಯಬಹುದು. ಒಳಗೆ ಹೋಗುವುದು ನಾಲ್ಕೂವರೆ ಗ್ರಾಂ, ಹಿಕ್ಕೆಯಲ್ಲೇ ಐದರ ಹತ್ತಿರ ಹೋಗುತ್ತದೆ. ಕೊರತೆಯನ್ನು ಕುರಿ ತನ್ನ ಮೈಮಾಂಸ ಕರಗಿಸಿ ತುಂಬಿಸಿಕೊಳ್ಳುತ್ತದೆ. ಮೂತ್ರಪಿಂಡ ಯೂರಿಯಾವನ್ನು ಆದಷ್ಟು ತಡೆದಿಡುತ್ತದೆ, ಅದು ಜೊಲ್ಲಿನ ಮೂಲಕವೂ ರಕ್ತದ ಮೂಲಕವೂ ಮತ್ತೆ ಹೊಟ್ಟೆಗೆ ಸೇರುತ್ತದೆ. ಮೂತ್ರಕ್ಕೆ ಬೀಳುವುದು ಒಂದು ಗ್ರಾಂ ಬಂದರೆ ಹೆಚ್ಚು. ನೀವು ಈ ವರ್ಷ ನಿಲ್ಲಿಸಿದ್ದು ಇಂಥ ಮಂದೆಯನ್ನು.

ಈಗ ಎಕರೆ ಲೆಕ್ಕ. ತರುಬಿದಾಗ ಕುರಿಗೆ ಒಂದು ಚದರ ಮೀಟರ್ ಜಾಗ ಹಿಡಿದರೆ 200 ಕುರಿ ರಾತ್ರಿಗೆ ಎರಡು ಗುಂಟೆ ಮುಗಿಸುತ್ತವೆ, ಎಕರೆಗೆ 20 ರಾತ್ರಿ. ದಿನದ ಹಿಕ್ಕೆ, ಮೂತ್ರದಲ್ಲಿ ಅರ್ಧ ಮಾತ್ರ ರಾತ್ರಿ ಬೀಳುತ್ತದೆ ಎಂದರೆ ಎಕರೆಗೆ ಸೇರುವ ಸಾರಜನಕ: ಶೇಂಗಾ ಹೊಲ ಮೇಯ್ದ ಮಂದೆಯಿಂದ 40 ಕಿಲೋ, ಹಸಿ ಹುಲ್ಲಿನದರಿಂದ 24, ಬೇಸಿಗೆಯ ಮಂದೆಯಿಂದ 11. ಆದರೆ ಅಷ್ಟೂ ಬೆಳೆಗೆ ಸಿಗುವುದಿಲ್ಲ. ಹಿಕ್ಕೆಯದು ನಿಧಾನ, ಮೊದಲ ಬೆಳೆಗೆ ಮೂರರಲ್ಲಿ ಒಂದು ಪಾಲು ಎಂದು ಹಿಡಿಯಿರಿ. ಮೂತ್ರದ್ದು ಬೇಗ ಸಿಗುತ್ತದೆ, ಅಷ್ಟೇ ಬೇಗ ಹಾರಿಯೂ ಹೋಗುತ್ತದೆ. ಈ ಕಳೆತವೆಲ್ಲ ತೆಗೆದರೆ ಬೆಳೆಗೆ ದಕ್ಕುವುದು ಕ್ರಮವಾಗಿ 17ರಿಂದ 23 ಕಿಲೋ, ಸುಮಾರು 10 ಕಿಲೋ, ಬರೀ 4 ಕಿಲೋ.

45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ 20.7 ಕಿಲೋ. ಅಂದರೆ ದೀಪಾವಳಿ ನಂತರದ ಮಂದೆಗೆ ಎಕರೆಗೆ ಒಂದು ಚೀಲ ಕಡಿಮೆ ಮಾಡಬಹುದು, ಹಸಿ ಹುಲ್ಲಿನ ಮಂದೆಗೆ ಅರ್ಧ ಚೀಲ. ಯುಗಾದಿ ಮಂದೆಗೆ ಒಂಬತ್ತು ಕಿಲೋ, ಅಷ್ಟೇ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ 40 ಕಿಲೋ ಸಾರಜನಕ ಬೇಕು. ಕುರಿ ನಿಲ್ಲಿಸಿದ್ದೇವಲ್ಲ ಎಂದು ಬೇಸಿಗೆ ಮಂದೆಯನ್ನೇ ನಂಬಿ ಮೇಲುಗೊಬ್ಬರ ಬಿಟ್ಟವರ ಹೊಲ ಹಳದಿಯಾಗುವುದು ಇದಕ್ಕೇ. ಶೇಂಗಾ ಬಿತ್ತುವುದಾದರೆ ಮಾತು ಬೇರೆ. ಅದಕ್ಕೆ ಎಕರೆಗೆ 10 ಕಿಲೋ ಸಾಕು, ಸಮೃದ್ಧ ಮೇವಿನ ಮಂದೆಯನ್ನು ಒಂದೇ ಜಾಗದಲ್ಲಿ ಮೂರು ನಾಲ್ಕು ರಾತ್ರಿ ಕೂರಿಸಿದರೆ ಬಳ್ಳಿ ಸೊಕ್ಕಿ ಕಾಯಿ ಕಡಿಮೆಯಾಗುತ್ತದೆ. ರಾಗಿಯಾದರೆ ಮಲಗುತ್ತದೆ.

ಹಾರಿಹೋಗುವ ವಿಚಾರಕ್ಕೆ ಬರೋಣ, ಹೆಚ್ಚು ನಷ್ಟ ಇಲ್ಲೇ. ಮೂತ್ರ ಬಿದ್ದ ಒಂದೆರಡು ದಿನದಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಬಿಸಿಲು, ಗಾಳಿ, ಜೊತೆಗೆ ಎರೆಮಣ್ಣಿನ ಕ್ಷಾರ ಸೇರಿದರೆ ಅರ್ಧದವರೆಗೂ ಹೋಗಬಹುದು. ಮಂದೆ ಪಕ್ಕಕ್ಕೆ ಸರಿದ ದಿನವೇ ಬಿಟ್ಟ ಎರಡು ಗುಂಟೆಗೆ ಕುಂಟೆ ಹೊಡೆದು ಎರಡು ಮೂರು ಇಂಚು ಮಣ್ಣು ಮುಚ್ಚಿ. ಇಪ್ಪತ್ತೂ ರಾತ್ರಿ ಮುಗಿಯಲಿ, ಒಟ್ಟಿಗೆ ಹೊಡೆಯೋಣ ಎಂದರೆ ಮೊದಲಿನ ಹದಿನೈದು ರಾತ್ರಿಯದರಲ್ಲಿ ಅರ್ಧದವರೆಗೂ ಗಾಳಿಪಾಲು. ಕೆಂಪು ಮಸಾರಿಯಲ್ಲಿ ಇನ್ನೊಂದು ತೊಂದರೆ: ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕ) ಆಗಿ ಉಳಿದದ್ದನ್ನು ಮುಂಗಾರಿನ ಜೋರು ಮಳೆ ಬೇರಿನ ಕೆಳಗೆ ಇಳಿಸುತ್ತದೆ, ಆದ್ದರಿಂದ ಬಿತ್ತನೆ ತಡಮಾಡಬೇಡಿ.

ಬೆಳಿಗ್ಗೆ ಬಲೆ ಬಿಚ್ಚುವ ಮೊದಲು ಕುರಿಗಳನ್ನು ಎಬ್ಬಿಸಿ ಹತ್ತು ಹದಿನೈದು ನಿಮಿಷ ಅಲ್ಲೇ ನಿಲ್ಲಿಸಲು ಕುರಿಗಾಹಿಗೆ ಹೇಳಿ. ಎದ್ದ ಕೂಡಲೇ ಹಿಕ್ಕೆ ಹಾಕುವುದು, ಉಚ್ಚೆ ಹೊಯ್ಯುವುದು ಕುರಿಯ ರೂಢಿ. ಅವಸರದಲ್ಲಿ ಹೊಡೆದುಕೊಂಡು ಹೋದರೆ ಅದೆಲ್ಲ ದಾರಿಗೆ ಬೀಳುತ್ತದೆ.

ರಾತ್ರಿಯ ದರ ಮಾತಾಡುವ ಮುನ್ನ ತಲೆ ಎಣಿಸುವುದರ ಜೊತೆಗೆ ಮಂದೆ ಎಲ್ಲಿ ಮೇಯ್ದು ಬರುತ್ತಿದೆ ಎಂದೂ ಕೇಳಿ. ಬೆಳಗಿನ ಜಾವ ಮಂದೆಯ ಪಕ್ಕ ನಿಂತರೆ ಮೂಗಿಗೇ ಗೊತ್ತಾಗುತ್ತದೆ: ಘಾಟು ಜೋರಿದ್ದರೆ ಮೇವು ಸಮೃದ್ಧ. ಒಣಗಿದ, ಸಣ್ಣ, ಗಟ್ಟಿ ಹಿಕ್ಕೆ, ಘಾಟೇ ಇಲ್ಲ ಎಂದರೆ ಬೇಸಿಗೆ ಮೇವು. ಕರಿಜಾಲಿ ಕಾಯಿ, ಸೊಪ್ಪು ಮೇಯ್ದ ಕುರಿಯಲ್ಲಿ ಮಾತ್ರ ಈ ಗುರುತು ತಪ್ಪುತ್ತದೆ. ಅದರ ಒಗರು ಪ್ರೋಟೀನನ್ನು ಹಿಡಿದಿಟ್ಟು ಮೂತ್ರದ ಪಾಲನ್ನು ಹಿಕ್ಕೆಗೆ ತಳ್ಳುವುದರಿಂದ ಘಾಟು ಕಡಿಮೆ. ಆ ಗೊಬ್ಬರ ಗಾಳಿಗೆ ಹೋಗುವುದೂ ಕಡಿಮೆ, ಕಸುವು ಎರಡನೇ ಬೆಳೆಯಲ್ಲಿ ಕಾಣುತ್ತದೆ.